ಹೆಬ್ಬಾಳದ ಹೊಲ, ಜಾಲಹಳ್ಳಿಯ ಕಾರ್ಖಾನೆ: ಕೆಲಸದಿಂದ ಕಲಿತ ನೂರು ವರ್ಷ

ಕಾಲೇಜು ವಿದ್ಯಾರ್ಥಿಗಳು ಓದಿನ ನಡುವೆಯೇ ಕೆಲಸದ ಜಾಗಕ್ಕೆ ಹೋಗಿ ಕಲಿಯಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಕಲೆ, ವಾಣಿಜ್ಯ, ವಿಜ್ಞಾನದ ಪದವಿಗಳಿಗೂ ವಿಸ್ತರಿಸಲು ಹೊರಟಿತು. ಕರ್ನಾಟಕ 2024ರಲ್ಲಿ ಆ ನೀತಿಯ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತಾದರೂ ಕೆಲಸದ ಅನುಭವ ಬೇಕೆಂಬ ಒತ್ತಾಯ ಕಡಿಮೆಯಾಗಲಿಲ್ಲ. ಇದನ್ನು ಹೊಸ ಕಾಲದ ಹೊಸ ಆಲೋಚನೆ ಎಂಬಂತೆ ಹೇಳುವುದು ವಾಡಿಕೆ. ಆದರೆ ಬೆಂಗಳೂರಿನ ಉತ್ತರದ ಅಂಚಿನಲ್ಲಿ, ಹೆಬ್ಬಾಳ, ಯಶವಂತಪುರ, ಜಾಲಹಳ್ಳಿ, ಜಕ್ಕೂರುಗಳ ನಡುವಿನ ಕೆಲವೇ ಮೈಲಿಗಳಲ್ಲಿ, ಈ ಪ್ರಯೋಗ ನೂರು ವರ್ಷಕ್ಕೂ ಹಿಂದೆ ಶುರುವಾಗಿ, ಬೇರೆ ಬೇರೆ ರೂಪ ತಳೆದು, ಕೆಲವೆಡೆ ಗೆದ್ದು ಕೆಲವೆಡೆ ಸೋತಿದೆ. ಆ ಚರಿತ್ರೆಯನ್ನು ಒಟ್ಟಿಗೆ ಇಟ್ಟು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಕೆಲಸ ತಾನಾಗಿಯೇ ಯಾರಿಗೂ ಪಾಠ ಹೇಳುವುದಿಲ್ಲ. ಕೆಲಸದ ಜಾಗದಲ್ಲಿ ಕಲಿಸುವ ಹೊಣೆಯನ್ನು ಒಬ್ಬರು ಹೊತ್ತು, ಆ ಹೊಣೆಗಾಗಿ ಸಮಯವನ್ನೂ ಹಣವನ್ನೂ ತೆಗೆದಿರಿಸಿದ ಕಡೆಗಳಲ್ಲೆಲ್ಲ ವಿದ್ಯಾರ್ಥಿಗಳು ಕಲಿತಿದ್ದಾರೆ. ಆ ಹೊಣೆ ಯಾರದೂ ಆಗದ ಕಡೆ ಅವರು ಅಗ್ಗದ ಆಳುಗಳಾಗಿದ್ದಾರೆ, ಇಲ್ಲವೇ ಸುಮ್ಮನೆ ದಿನ ಕಳೆದು ಪ್ರಮಾಣಪತ್ರ ತಂದಿದ್ದಾರೆ.

ಕತೆ ಆರಂಭವಾಗುವುದು ಬರದಿಂದ. 1876ರಿಂದ 1878ರವರೆಗಿನ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನು ಬರಿದು ಮಾಡಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಬೇಸಾಯವನ್ನು ಅದರ ಪಾಡಿಗೆ ಬಿಟ್ಟರೆ ಆಗದು, ಅದಕ್ಕೊಂದು ಇಲಾಖೆ ಬೇಕು, ಪ್ರಯೋಗ ಬೇಕು ಎಂಬ ಅರಿವು ಇಡೀ ಭಾರತದಲ್ಲಿ ಮೂಡಿದ್ದು ಆ ಕಾಲದಲ್ಲೇ. 1899ರಲ್ಲಿ, ಬಾಲಕ ಮಹಾರಾಜರ ಪರವಾಗಿ ರಾಜ್ಯವಾಳುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟರು. ಕೃಷಿ ರಸಾಯನತಜ್ಞ ಲೇಮನ್ ಅವರು ಮಣ್ಣಿಗೂ ಬೆಳೆಗೂ ಇರುವ ಸಂಬಂಧದ ಮೇಲೆ ಕೆಲಸ ಶುರುಮಾಡಿದರು. ಆಗ ಅಲ್ಲಿ ಶಾಲೆಯಿರಲಿಲ್ಲ, ವಿದ್ಯಾರ್ಥಿಗಳೂ ಇರಲಿಲ್ಲ. ಇದ್ದದ್ದು ಕೆಂಪು ಮಣ್ಣಿನ ಮಳೆಯಾಶ್ರಿತ ಹೊಲ ಮತ್ತು ಆ ಹೊಲಕ್ಕೆ ಕೇಳಬೇಕಾದ ಪ್ರಶ್ನೆಗಳು. ಮೊದಲು ಕೆಲಸದ ಜಾಗ, ಆಮೇಲೆ ಶಾಲೆ ಎಂಬ ಈ ಅನುಕ್ರಮ ಮುಂದಿನ ಎಲ್ಲಕ್ಕೂ ತಳಹದಿಯಾಯಿತು.

ಶಾಲೆ ಬಂದದ್ದು 1913ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಮೈಸೂರು ವಿಶ್ವವಿದ್ಯಾಲಯ ಹುಟ್ಟಲು ಇನ್ನೂ 3 ವರ್ಷವಿತ್ತು. ಹೆಬ್ಬಾಳದ ಕೃಷಿ ಶಾಲೆ ವಸತಿ ಶಾಲೆಯಾಗಿತ್ತು. ಮೊದಲು ಲೈಸೆನ್ಷಿಯೇಟ್, 1920ರಿಂದ ಡಿಪ್ಲೊಮಾ ಕೊಡುತ್ತಿತ್ತು. ವಸತಿ ಎಂಬುದನ್ನು ಇಲ್ಲಿ ಬರೀ ಊಟ ನಿದ್ದೆಯ ಅನುಕೂಲ ಎಂದು ತಿಳಿಯಬಾರದು. ಬೇಸಾಯದ ಗಡಿಯಾರ ಕಾಲೇಜಿನ ವೇಳಾಪಟ್ಟಿಗೆ ಹೊಂದುವುದಿಲ್ಲ. ಮಳೆ ಬಿದ್ದ ಮರುದಿನ ಹದ ನೋಡಿ ಕೂರಿಗೆ ಹೂಡಬೇಕು, ಪೈರು ಇಷ್ಟೆತ್ತರಕ್ಕೆ ಬಂದಾಗ ಕುಂಟೆ ಹಾಯಿಸಬೇಕು, ರೋಗದ ಚುಕ್ಕೆ ಕಂಡ ದಿನವೇ ನೋಡಬೇಕು. ಹೊಲದ ಪಕ್ಕದಲ್ಲೇ ವಾಸವಿರುವವರಿಗೆ ಮಾತ್ರ ಒಂದು ಬೆಳೆಯ ಇಡೀ ಬದುಕು ಕಾಣುತ್ತದೆ. ಜೊತೆಗೆ, ಪಾಠ ಹೇಳುವವರು, ಪ್ರಯೋಗ ನಡೆಸುವವರು, ಇಲಾಖೆಯ ಪರವಾಗಿ ಹಳ್ಳಿಗೆ ಹೋಗುವವರು ಎಲ್ಲರೂ ಒಂದೇ ಬಳಗಕ್ಕೆ ಸೇರಿದ್ದರು. ಕಲಿತು ಹೊರಬಂದವರು ಬಹುಮಟ್ಟಿಗೆ ಅದೇ ಇಲಾಖೆಯ ಕೆಲಸಕ್ಕೆ ಸೇರುವವರಾದ್ದರಿಂದ, ಇಂದಿನ ಶಿಷ್ಯ ನಾಳಿನ ಸಹೋದ್ಯೋಗಿ. ಅವನಿಗೆ ಸರಿಯಾಗಿ ಕಲಿಸದಿದ್ದರೆ ನಷ್ಟ ಕಲಿಸುವವರಿಗೇ. ಅಮೆರಿಕದ ಸಿನ್ಸಿನಾಟಿಯಲ್ಲಿ ಹರ್ಮನ್ ಷ್ನೈಡರ್ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಸರದಿಯ ಮೇಲೆ ಕಾರ್ಖಾನೆಗೆ ಕಳಿಸುವ ಪದ್ಧತಿ ಆರಂಭಿಸಿದ್ದು 1906ರಲ್ಲಿ. ಹೆಬ್ಬಾಳ ಅದಕ್ಕಿಂತ ಹೆಚ್ಚು ಹಿಂದೇನೂ ಇರಲಿಲ್ಲ.

ಆ ಬಳಗದ ಮುಂದಾಳು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದವರು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಅವರಿಗೆ ಹೆಸರು ತಂದದ್ದು ಮಲೆನಾಡಿನ ಅಡಿಕೆ ತೋಟಗಳ ಕೊಳೆರೋಗದ ಮೇಲಿನ ಕೆಲಸ. ಅಡಿಕೆ ಬೆಳೆಗಾರರು ಮಳೆಗಾಲಕ್ಕೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಕಾಪಾಡುವ ಕ್ರಮವನ್ನು ಮೊದಲೇ ಬಲ್ಲವರಾಗಿದ್ದರು. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿದ ಕೋಲ್ಮನ್, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ದಾರಿ ತೋರಿದರು. ಇಂದಿಗೂ ಮಲೆನಾಡಿನಲ್ಲಿ ಔಷಧಿ ಹೊಡೆಯುವ ಕೆಲಸ ಅದೇ ತತ್ತ್ವದ ಮೇಲೆ ನಡೆಯುತ್ತಿದೆ. ಈ ಪರಿಹಾರದಲ್ಲಿ ಪ್ರಯೋಗಾಲಯದ ಜ್ಞಾನ ಅರ್ಧ. ಮಳೆ ಯಾವಾಗ ಹಿಡಿಯುತ್ತದೆ, ಮಿಡಿ ಎಷ್ಟು ಬಲಿತಾಗ ರೋಗ ತಾಗುತ್ತದೆ ಎಂಬ ಬೆಳೆಗಾರನ ತಿಳಿವಳಿಕೆ, ಜಾರುವ ಮರವೇರಿ ಕೊನೆ ಮುಟ್ಟುವ ಕೊನೆಗೌಡನ ಕೈಚಳಕ ಉಳಿದರ್ಧ. ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಕಂಡ ಮಾತ್ರಕ್ಕೆ ಈ ಉಳಿದರ್ಧ ತಿಳಿಯುವಂಥದ್ದಲ್ಲ, ತೋಟಕ್ಕೇ ಹೋಗಬೇಕು. ಕೆಲಸದೊಂದಿಗೆ ಬೆಸೆದ ಕಲಿಕೆಯ ಮೊದಲ ಲಾಭ ಇದೇ: ಪುಸ್ತಕ ಉತ್ತರಗಳನ್ನು ಕೊಡುತ್ತದೆ, ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಕೆಲಸದ ಜಾಗ ತೋರಿಸುತ್ತದೆ.

ಇಂಥ ಕಲಿಕೆಯ ಅಪಾಯವನ್ನು ಮುಂಚೆಯೇ ಗುರುತಿಸಿದವರೂ ಇದ್ದರು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕೈಕಸುಬನ್ನು ಕೇಂದ್ರವಾಗಿಟ್ಟ ಮೂಲ ಶಿಕ್ಷಣದ ಕಲ್ಪನೆಯನ್ನು ಮುಂದಿಟ್ಟಾಗ, ಅದಕ್ಕೆ ಪಠ್ಯಕ್ರಮ ರೂಪಿಸಿದ ಸಮಿತಿಯ ಅಧ್ಯಕ್ಷರು ಜಾಕಿರ್ ಹುಸೇನ್. ಮಕ್ಕಳು ನೂತ ನೂಲು, ನೇಯ್ದ ಬಟ್ಟೆಯ ಮಾರಾಟದಿಂದ ಶಾಲೆಯ ಖರ್ಚು ಹುಟ್ಟಬೇಕೆಂಬ ಅಂಶ ಆ ಯೋಜನೆಯಲ್ಲಿತ್ತು. ಸಮಿತಿ ಆ ಯೋಜನೆಯನ್ನು ಒಪ್ಪಿಕೊಂಡಿತಾದರೂ, ಹಣದ ಲೆಕ್ಕವೇ ಮುಂದಾಗಿ ಶಿಕ್ಷಣದ ಉದ್ದೇಶ ಹಿಂದಾಗುವ ಭಯವಿದೆ ಎಂದು ತನ್ನ ವರದಿಯಲ್ಲೇ ಎಚ್ಚರಿಸಿತು. ಎಷ್ಟು ಗಜ ನೇಯ್ದರು ಎಂಬ ಲೆಕ್ಕ ಸುಲಭ, ನೇಯುವಾಗ ಏನು ಅರ್ಥಮಾಡಿಕೊಂಡರು ಎಂಬ ಲೆಕ್ಕ ಕಷ್ಟ. ಸುಲಭದ ಲೆಕ್ಕ ಕಷ್ಟದ ಲೆಕ್ಕವನ್ನು ನುಂಗಿಹಾಕುವುದು ಇಂದಿನ ಇಂಟರ್ನ್‌ಶಿಪ್‌ಗೂ ಅಂಟಿದ ರೋಗ. ಅದೇ ಜಾಕಿರ್ ಹುಸೇನರು ಉಪರಾಷ್ಟ್ರಪತಿಯಾಗಿ 1964ರ ಆಗಸ್ಟ್ 21ರಂದು ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವನ್ನು ಉದ್ಘಾಟಿಸಿದರು. ಕೈಗೂ ತಲೆಗೂ ಸಂಬಂಧ ಕಟ್ಟಲು ಹೊರಟ ಒಂದು ಪರಂಪರೆ ಇನ್ನೊಂದನ್ನು ಹರಸಿದ ಗಳಿಗೆ ಅದು.

ಹೆಬ್ಬಾಳದ ಶಾಲೆ 1946ರಲ್ಲೇ ನಾಲ್ಕು ವರ್ಷದ ಪದವಿ ಕೊಡುವ ಕಾಲೇಜಾಗಿತ್ತು. 1958ರಲ್ಲಿ ಅದರ ಬಳಿಯೇ ಪಶುವೈದ್ಯ ಕಾಲೇಜು ಬಂತು. ಎಸ್. ನಿಜಲಿಂಗಪ್ಪನವರ ಸರ್ಕಾರ 1963ರ ಕಾಯ್ದೆಯ ಮೂಲಕ ಸ್ಥಾಪಿಸಿದ ವಿಶ್ವವಿದ್ಯಾಲಯಕ್ಕೆ ಅಮೆರಿಕದ ಲ್ಯಾಂಡ್ ಗ್ರಾಂಟ್ ಕಾಲೇಜುಗಳೇ ಮಾದರಿ. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಮನೆಯಲ್ಲಿರಬೇಕೆಂಬುದು ಅದರ ತಿರುಳು. ಡಾ. ಕೆ. ಸಿ. ನಾಯಕ್ ಮೊದಲ ಕುಲಪತಿ. 1969ರಲ್ಲಿ ಹೆಬ್ಬಾಳದಿಂದ ಉತ್ತರಕ್ಕೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ತಲೆಯೆತ್ತಿತು. ಇಂದು ಜಿಕೆವಿಕೆ ಎಂದೇ ಎಲ್ಲರಿಗೂ ಪರಿಚಿತವಾದ ಆವರಣ ಅದು. ಈ ಬದಲಾವಣೆಯಿಂದ ಬಂದ ಲಾಭ ದೊಡ್ಡದು. ಸಂಶೋಧನೆಗೆ ಬಲ ಬಂತು, ಹೊಸ ವಿಭಾಗಗಳು ತೆರೆದವು, ಬರಗಾಲದ ಬೆಳೆಯಾದ ರಾಗಿಯ ಮೇಲೆ ಆಳವಾದ ಕೆಲಸ ನಡೆಯಿತು. ಆದರೆ ಒಂದು ಎಳೆ ಸಡಿಲವೂ ಆಯಿತು. ತಾಲ್ಲೂಕು ಮಟ್ಟದಲ್ಲಿ ರೈತರೊಡನೆ ದಿನನಿತ್ಯ ಒಡನಾಡುವ ಸಿಬ್ಬಂದಿ ಕೃಷಿ ಇಲಾಖೆಯಲ್ಲೇ ಉಳಿದರು, ಕಲಿಸುವವರು ವಿಶ್ವವಿದ್ಯಾಲಯದ ಪಾಲಾದರು. ಇಂದಿನ ಶಿಷ್ಯ ನಾಳಿನ ಸಹೋದ್ಯೋಗಿ ಎಂಬ ಹಳೆಯ ಕೊಂಡಿ ಹೀಗೆ ಕಳಚಿಕೊಂಡಿತು. ಹೊಲ ಆವರಣದೊಳಗಿತ್ತು, ಹಳ್ಳಿ ಮಾತ್ರ ದೂರವಾಯಿತು.

ಆ ದೂರವನ್ನು ತುಂಬಲು ಬಂದದ್ದೇ ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ರಾಂಧವಾ ಸಮಿತಿ 1992ರಲ್ಲಿ ಇದನ್ನು ದೇಶದ ಕೃಷಿ ಪದವಿಗಳಿಗೆ ಶಿಫಾರಸು ಮಾಡಿತು. 2015ರಲ್ಲಿ ಸ್ಟೂಡೆಂಟ್ ರೆಡಿ ಎಂಬ ಹೆಸರಿನಡಿ ಕೊನೆಯ ವರ್ಷದ ಹಲವು ಬಗೆಯ ಪ್ರಾಯೋಗಿಕ ಕಲಿಕೆಯೊಂದಿಗೆ ಇದು ಸೇರಿಕೊಂಡಿತು. ಅಂತಿಮ ವರ್ಷದ ವಿದ್ಯಾರ್ಥಿಗಳು ತಂಡಗಳಾಗಿ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತಾರೆ. ಊರಿನ ನಕ್ಷೆಯನ್ನು ಊರವರಿಂದಲೇ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಬಿಡಿಸುತ್ತಾರೆ. ಯಾವ ಕೆರೆ ಯಾವಾಗ ಬತ್ತಿತು, ಯಾವ ಬೆಳೆ ಯಾವಾಗ ಬಿಟ್ಟುಹೋಯಿತು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳುತ್ತಾರೆ. ಬೀಜೋಪಚಾರ, ಮಣ್ಣಿನ ಮಾದರಿ ತೆಗೆಯುವ ಕ್ರಮ, ಅಜೋಲಾ ಬೆಳೆಸುವುದು, ಮೇವಿನ ಪೌಷ್ಟಿಕತೆ ಹೆಚ್ಚಿಸುವುದು ಮುಂತಾದ ಪ್ರಾತ್ಯಕ್ಷಿಕೆಗಳನ್ನು ಮಾಡಿ ತೋರಿಸುತ್ತಾರೆ. ಕೊನೆಗೆ ಊರಿನಲ್ಲೇ ಕೃಷಿ ವಸ್ತುಪ್ರದರ್ಶನ ಏರ್ಪಡಿಸುತ್ತಾರೆ. ಕಲಿತದ್ದನ್ನು ಕಲಿಸಲು ನಿಂತಾಗ ತನಗೇನು ಗೊತ್ತಿಲ್ಲ ಎಂಬುದು ವಿದ್ಯಾರ್ಥಿಗೆ ಹೊಳೆಯುತ್ತದೆ. ಎಕರೆಗೆ ಇಷ್ಟು ಕಿಲೋ ಎಂದು ಪರೀಕ್ಷೆಯಲ್ಲಿ ಬರೆದವರಿಗೆ, ಅಷ್ಟು ಗೊಬ್ಬರ ಕೊಳ್ಳಲು ದುಡ್ಡಿಲ್ಲದವರು ಏನು ಮಾಡಬೇಕು ಎಂಬ ರೈತನ ಮರುಪ್ರಶ್ನೆ ಎದುರಾಗುತ್ತದೆ. ಇಂಥ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಈ ಕಾರ್ಯಕ್ರಮದ ಕೊರತೆಗಳನ್ನೂ ಅಷ್ಟೇ ನೇರವಾಗಿ ಹೇಳಬೇಕು. ರಾಗಿಯನ್ನು ಬಿತ್ತಿ ಕೊಯ್ಯಲು ಸುಮಾರು ನಾಲ್ಕು ತಿಂಗಳು ಬೇಕು, ಒಕ್ಕಣೆ ಅದರ ಮೇಲೆ. ಸೆಮಿಸ್ಟರಿನ ಚೌಕಟ್ಟಿನೊಳಗೆ ಕೂರಿಸಿದ ಶಿಬಿರ ಸಾಮಾನ್ಯವಾಗಿ ಅಷ್ಟು ದಿನ ಉಳಿಯುವುದಿಲ್ಲ. ಬಿತ್ತನೆ ಕಂಡವರು ಕಣ ಕಾಣದೆ ವಾಪಸಾಗುತ್ತಾರೆ. ಬೆಳೆ ಮಾರುವಾಗ ಬೆಲೆ ಕುಸಿಯುವ ಸಂಕಟ, ಸಾಲ ತೀರಿಸುವ ಲೆಕ್ಕ ಅವರ ಕಣ್ಣಿಗೆ ಬೀಳುವುದಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಹಳ್ಳಿಯಲ್ಲಿ ನಿಜವಾಗಿ ಕಲಿಸುವವನು ರೈತ. ಆದರೆ ಆ ವ್ಯವಸ್ಥೆಯಲ್ಲಿ ಅವನ ಸ್ಥಾನ ಆತಿಥೇಯನದು, ಗುರುವಿನದಲ್ಲ. ಅಂಕ ಕೊಡುವವರು ಆಗಾಗ ಬಂದು ನೋಡುವ ಅಧ್ಯಾಪಕರು. ಹಾಗಾಗಿ ವಿದ್ಯಾರ್ಥಿಯ ಗಮನ ರೈತನಿಂದ ಕಲಿಯುವುದಕ್ಕಿಂತ ದಾಖಲೆ ಪುಸ್ತಕ ತುಂಬುವ ಕಡೆ, ಪ್ರಾತ್ಯಕ್ಷಿಕೆಯ ಫೋಟೊ ಪತ್ರಿಕೆಯಲ್ಲಿ ಬರುವ ಕಡೆ ವಾಲುವುದು ಸಹಜ. 1913ರ ಶಾಲೆಯಲ್ಲಿ ಕೆಲಸದ ಜಾಗವೂ ಕಲಿಸುವ ಹೊಣೆಯೂ ಒಂದೇ ಕಡೆ ಇದ್ದವು. ಶಿಬಿರದಲ್ಲಿ ಜಾಗ ಹಳ್ಳಿಯದು, ಹೊಣೆ ಕಾಲೇಜಿನದು, ನಡುವೆ ಬಸ್ಸಿನ ದಾರಿ.

ಹೆಬ್ಬಾಳದಿಂದ ಪಶ್ಚಿಮಕ್ಕೆ, ಜಾಲಹಳ್ಳಿಯಲ್ಲಿ, ಇದೇ ಪ್ರಶ್ನೆಗೆ ಬೇರೊಂದು ಉತ್ತರ ಸಿಕ್ಕಿತ್ತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದೊಂದಿಗೆ ಎಚ್‌ಎಂಟಿ, 1954ರಲ್ಲಿ ಫ್ರಾನ್ಸಿನ ನೆರವಿನೊಂದಿಗೆ ಭಾರತ್ ಎಲೆಕ್ಟ್ರಾನಿಕ್ಸ್ ಅಲ್ಲಿ ನೆಲೆಗೊಂಡವು. ಲೇತ್ ಯಂತ್ರವನ್ನೇ ತಯಾರಿಸುವಷ್ಟು ನಿಖರವಾಗಿ ಲೋಹ ಕೊರೆಯಬಲ್ಲ ಕೈಗಳು ಆಗ ಬೇಕಾದಷ್ಟು ಸಿಗುತ್ತಿರಲಿಲ್ಲ. ಕೆಲಸಗಾರರನ್ನು ಕಾರ್ಖಾನೆಯೇ ತಯಾರು ಮಾಡಿಕೊಳ್ಳಬೇಕಿತ್ತು. ಹೀಗಾಗಿ ತರಬೇತಿ ಕೇಂದ್ರ ಕಾರ್ಖಾನೆಯ ಅಂಗವಾಗಿ ಬೆಳೆಯಿತು. ಫಿಟ್ಟರ್ ಕೆಲಸ ಕಲಿಯುವವರು ಮೊದಲು ಮಾಡುವುದು ಒಂದು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಮೂಲೆ ಮಟ್ಟಕ್ಕೆ ತರುವುದು, ವರ್ನಿಯರ್ ಹಿಡಿದು ಅಳೆಯುವುದು, ತಪ್ಪಿದರೆ ಮತ್ತೆ ಉಜ್ಜುವುದು. ಆ ತುಂಡಿನಿಂದ ಕಾರ್ಖಾನೆಗೆ ಕಾಸಿನ ಲಾಭವಿಲ್ಲ. ಲಾಭವಿಲ್ಲದ ಆ ಕೆಲಸಕ್ಕೆ ಒಬ್ಬ ಬೋಧಕನನ್ನೂ ಅಳತೆಯ ಸಾಧನಗಳನ್ನೂ ತಿಂಗಳುಗಟ್ಟಲೆ ಸಮಯವನ್ನೂ ಕೊಡಲು ಕಾರ್ಖಾನೆ ಸಿದ್ಧವಿತ್ತೆಂಬುದೇ ಅಲ್ಲಿನ ಗೆಲುವಿನ ಗುಟ್ಟು. ಕಲಿತವನು ದಶಕಗಟ್ಟಲೆ ಇಲ್ಲೇ ದುಡಿಯುತ್ತಾನೆಂಬ ಭರವಸೆ ಅದಕ್ಕೆ ಕಾರಣ.

1961ರ ಅಪ್ರೆಂಟಿಸ್ ಕಾಯ್ದೆ ಈ ಪದ್ಧತಿಗೆ ದೇಶದ ಮಟ್ಟದಲ್ಲಿ ಕಾನೂನಿನ ರೂಪ ಕೊಟ್ಟಿತು. ಅದರಲ್ಲಿ ಇಂದಿನ ಕಾಲೇಜುಗಳು ಮತ್ತೆ ಓದಬೇಕಾದ ಒಂದು ಅಂಶವಿದೆ. ಮಾಲೀಕನಿಗೆ ಆ ಕಸುಬಿನ ಅರ್ಹತೆ ಇಲ್ಲದಿದ್ದರೆ, ನಿಗದಿತ ಅರ್ಹತೆಯುಳ್ಳ ಒಬ್ಬರನ್ನು ಅಪ್ರೆಂಟಿಸ್‌ನ ತರಬೇತಿಯ ಹೊಣೆಗೆ ನೇಮಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಒಪ್ಪಂದ ನೋಂದಣಿಯಾಗಬೇಕು, ಶಿಷ್ಯವೇತನ ಕೊಡಬೇಕು. 1973ರ ತಿದ್ದುಪಡಿ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಇದರೊಳಗೆ ತಂದಿತು, 2014ರ ತಿದ್ದುಪಡಿ ಇತರ ಪದವೀಧರರಿಗೂ ಬಾಗಿಲು ತೆರೆಯಿತು. ಇದೇ ಕಾಯ್ದೆಗೆ ಇನ್ನೊಂದು ಮುಖವೂ ಇದೆ. ಅದರ ಕಣ್ಣಿನಲ್ಲಿ ಅಪ್ರೆಂಟಿಸ್ ತರಬೇತಿಯಲ್ಲಿರುವವನು, ಕಾರ್ಮಿಕನಲ್ಲ. ಸುರಕ್ಷತೆಯಂಥ ಕೆಲವನ್ನು ಬಿಟ್ಟರೆ ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಮುಗಿದ ಮೇಲೆ ಕೆಲಸ ಕೊಡಬೇಕೆಂಬ ಕಟ್ಟುಪಾಡೂ ಇಲ್ಲ. ಕಲಿಸುವ ಹೊಣೆ ಗಟ್ಟಿಯಾಗಿದ್ದಲ್ಲಿ ಈ ರಿಯಾಯಿತಿ ನ್ಯಾಯವಾದದ್ದು. ಕಲಿಸುವವರೇ ಇಲ್ಲದಿದ್ದರೆ, ಕಡಿಮೆ ಸಂಬಳಕ್ಕೆ ಹಕ್ಕಿಲ್ಲದ ಕೆಲಸಗಾರರನ್ನು ಪಡೆಯುವ ದಾರಿ ಅದು. ಕಾಯ್ದೆಯೊಂದೇ ಆದರೂ, ಶಾಪ್ ಫ್ಲೋರಿನಲ್ಲಿ ಬೋಧಕನಿದ್ದಾನೋ ಇಲ್ಲವೋ ಎಂಬುದರ ಮೇಲೆ ಅದು ಶಿಕ್ಷಣವೋ ಶೋಷಣೆಯೋ ಎಂದು ತೀರ್ಮಾನವಾಗುತ್ತದೆ.

ಕಲಿಕೆ ತಪ್ಪಿದರೆ ಜೀವ ಹೋಗುವ ವೃತ್ತಿಗಳು ಈ ಪ್ರಶ್ನೆಯನ್ನು ಎಂದೋ ಬಗೆಹರಿಸಿಕೊಂಡಿವೆ. 1940ರ ದಶಕದ ಕೊನೆಯಿಂದ ಜಕ್ಕೂರಿನ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆಯಲ್ಲಿ ಪೈಲಟ್ ಆಗಬಯಸುವವರು ಬೋಧಕನ ಪಕ್ಕದಲ್ಲಿ ಕೂತು ಹಾರುತ್ತಾರೆ. ಬೋಧಕ ಒಪ್ಪಿದ ಮೇಲಷ್ಟೇ ಒಬ್ಬಂಟಿ ಹಾರಾಟ. ವಾಣಿಜ್ಯ ಪೈಲಟ್ ಪರವಾನಗಿಗೆ ಬೇಕಾದ 200 ಗಂಟೆಗಳ ಹಾರಾಟವನ್ನು ಪುಸ್ತಕ ಓದಿ ತುಂಬಲಾಗದು. ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿರುವ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲೂ ಇಂಟರ್ನ್‌ಶಿಪ್ ಮುಗಿಯದೆ ಪದವಿ ಪೂರ್ಣವಾಗುವುದಿಲ್ಲ. ಅಪಾರ್ಟ್‌ಮೆಂಟಿನ ನಾಯಿಯೂ ಹಳ್ಳಿಯ ಹಸುವೂ ಬರುವ ಆಸ್ಪತ್ರೆಯಲ್ಲಿ, ಹಿರಿಯ ವೈದ್ಯರ ಕಣ್ಣೆದುರಿನಲ್ಲಿ ವಿದ್ಯಾರ್ಥಿ ಕೈ ಪಳಗಿಸಿಕೊಳ್ಳಬೇಕು. ಇಂಥ ಕಡೆಯೂ ಸಂಕಟವಿಲ್ಲದಿಲ್ಲ. ಶಿಷ್ಯವೇತನ ಹೆಚ್ಚಿಸಬೇಕೆಂದು ರಾಜ್ಯದ ಪಶುವೈದ್ಯ ವಿದ್ಯಾರ್ಥಿಗಳು ಧರಣಿ ಕೂತದ್ದೂ ಉಂಟು. ಆದರೆ ಯಾರು ಕಲಿಸುತ್ತಾರೆ ಎಂಬ ಗೊಂದಲ ಅಲ್ಲಿಲ್ಲ.

ಈ ಬೆಳಕಿನಲ್ಲಿ ಇಂದಿನ ಉತ್ತರ ಬೆಂಗಳೂರನ್ನು ನೋಡಬೇಕು. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿ ಬದಲಾಯಿತು. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಸಾವಿರಾರು ಜನ ದುಡಿಯುತ್ತಾರೆ. ಯಲಹಂಕದ ಸುತ್ತ ಖಾಸಗಿ ಕಾಲೇಜುಗಳೂ ವಿಶ್ವವಿದ್ಯಾಲಯಗಳೂ ಎದ್ದಿವೆ. ಇತ್ತ ಎಚ್‌ಎಂಟಿ ಕುಗ್ಗಿತು. ಅದರ ಕೈಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಹೊರಬಿತ್ತು. ಕಾರ್ಖಾನೆ ಕುಗ್ಗಿದಾಗ ಅದರೊಂದಿಗೆ ಕಲಿಸುವ ಬೆಂಚುಗಳೂ ಕುಗ್ಗುತ್ತವೆ. ಹೊಸ ಕಚೇರಿಗಳಲ್ಲಿ ಕೆಲಸವಿದೆ, ಹಳೆಯ ಕಾರ್ಖಾನೆಯ ಬೋಧಕ ಬಹುತೇಕ ಕಡೆ ಇಲ್ಲ. ಅಲ್ಲಿನ ಎಂಜಿನಿಯರಿಗೆ ಗಡುವುಗಳಿವೆ, ಬಂದ ವಿದ್ಯಾರ್ಥಿಗೆ ಕಲಿಸುವುದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಕಲಿತವರು ಎರಡು ವರ್ಷ ನಿಲ್ಲುತ್ತಾರೆಂಬ ಖಾತರಿ ಕಂಪನಿಗೂ ಇಲ್ಲ. ಕಾಲೇಜಿನ ಅಧ್ಯಾಪಕರಿಗೆ ಕಂಪನಿಯೊಳಗೆ ಪ್ರವೇಶವಿಲ್ಲ. ನಿಯಮ ಕಡ್ಡಾಯ, ಜಾಗ ಸಾಲದು, ಹೊಣೆ ಯಾರದೂ ಅಲ್ಲ. ಈ ಸಂದಿಯಲ್ಲಿ ಹಣಕ್ಕೆ ಇಂಟರ್ನ್‌ಶಿಪ್ ಪ್ರಮಾಣಪತ್ರ ಕೊಡುವ, ಸಿದ್ಧ ಪ್ರಾಜೆಕ್ಟ್ ಮಾರುವ ವ್ಯಾಪಾರ ಹುಟ್ಟಿಕೊಂಡಿದೆ. ಅದನ್ನು ವಿದ್ಯಾರ್ಥಿಗಳ ಸೋಮಾರಿತನ ಎಂದು ತಳ್ಳಿಹಾಕುವುದು ಅನ್ಯಾಯ. ಕಲಿಸುವವರನ್ನು ಒದಗಿಸದೆ ಕಲಿತ ಪುರಾವೆ ಮಾತ್ರ ಕೇಳಿದರೆ, ಪುರಾವೆಯೇ ಮಾರಾಟದ ಸರಕಾಗುತ್ತದೆ.

ಈ ವಾದಕ್ಕೆ ಮೂರು ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು: ಕಾಲೇಜಿನ ಕೆಲಸ ಯೋಚಿಸಲು ಕಲಿಸುವುದು, ಕಂಪನಿಗಳಿಗೆ ಬೇಕಾದ ಕೈಗಳನ್ನು ಒದಗಿಸುವುದಲ್ಲ. ಇದರಲ್ಲಿರುವ ಆತಂಕ ನಿಜವಾದದ್ದು, ಜಾಕಿರ್ ಹುಸೇನ್ ಸಮಿತಿಯನ್ನು ಕಾಡಿದ್ದೂ ಅದೇ. ಆದರೆ ಯೋಚನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ ಎಂಬ ವಿಂಗಡಣೆಯನ್ನು ಹೆಬ್ಬಾಳದ ಚರಿತ್ರೆ ಒಪ್ಪುವುದಿಲ್ಲ. ಕೊಳೆರೋಗದ ಶಿಲೀಂಧ್ರ ಶುದ್ಧ ವಿಜ್ಞಾನದ ವಿಷಯವೂ ಹೌದು, ಬೆಳೆಗಾರನ ಹೊಟ್ಟೆಯ ಪ್ರಶ್ನೆಯೂ ಹೌದು. ಮಂಡ್ಯದ ವಿ. ಸಿ. ಫಾರಂನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಬೆಸೆದು ಇಂಡಾಫ್ ತಳಿಗಳನ್ನು ರೂಪಿಸಿದಾಗ, ಕಣ್ಣಿಗೆ ಕಾಣದಷ್ಟು ಪುಟ್ಟ ಹೂವಿನ ಮೇಲೆ ಕೈಯಾಡಿಸಿದ ತಾಳ್ಮೆ ಮತ್ತು ತಳಿವಿಜ್ಞಾನದ ಚಿಂತನೆ ಬೇರೆ ಬೇರೆಯಾಗಿರಲಿಲ್ಲ. ಯೋಚನೆಯನ್ನು ಕೊಲ್ಲುವುದು ಕೆಲಸವಲ್ಲ, ಏಕೆ ಎಂದು ಕೇಳಲು ಅವಕಾಶವಿಲ್ಲದ ಕೆಲಸ. ಕೇಳಿದ್ದಕ್ಕೆ ಉತ್ತರಿಸುವ ಗುರು ಅಲ್ಲೇ ಇದ್ದರೆ ಕೆಲಸದ ಜಾಗ ತರಗತಿಗಿಂತ ಚುರುಕಾಗಿ ಯೋಚನೆಗೆ ಹಚ್ಚುತ್ತದೆ.

ಎರಡನೆಯ ಆಕ್ಷೇಪ ಕೃಷಿ ಪದವೀಧರರ ಬಗ್ಗೆಯೇ ಇದೆ. ಅವರಲ್ಲಿ ಎಷ್ಟೋ ಜನ ಬ್ಯಾಂಕು, ಆಡಳಿತ ಸೇವೆ, ಗೊಬ್ಬರ ಬೀಜದ ಕಂಪನಿ ಸೇರುತ್ತಾರೆ. ಹಾಗಿದ್ದಮೇಲೆ ಹಳ್ಳಿಯ ಶಿಬಿರ ಏಕೆ? ಕೆಲಸದ ಅನುಭವವನ್ನು ಅದೇ ಕೆಲಸ ಸಿಗುವುದಕ್ಕಷ್ಟೇ ದಾರಿ ಎಂದು ಭಾವಿಸಿದರೆ ಈ ಪ್ರಶ್ನೆ ಸರಿ. ಆದರೆ ಬೆಳೆ ಸಾಲದ ಅರ್ಜಿಯ ಮೇಲೆ ಸಹಿ ಹಾಕುವ ಬ್ಯಾಂಕ್ ಅಧಿಕಾರಿ, ಬರ ಪರಿಹಾರದ ಪಟ್ಟಿ ಸಿದ್ಧಪಡಿಸುವ ತಹಶೀಲ್ದಾರ್ ಒಮ್ಮೆಯಾದರೂ ಹೊಲದ ಮುಂದೆ ನಿಂತು ರೈತನ ಲೆಕ್ಕ ಕೇಳಿದ್ದರೆ ಆ ತಿಳಿವಳಿಕೆ ಸಾಲಗಾರನಿಗೂ ಸಂತ್ರಸ್ತನಿಗೂ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಬದಿಯಿಂದಲೂ ಇದನ್ನು ನೋಡಬಹುದು. ಕರ್ನಾಟಕದಲ್ಲಿ ಕೃಷಿ ಪದವಿಗಳ ಸೀಟುಗಳಲ್ಲಿ ದೊಡ್ಡ ಪಾಲು ಕೃಷಿಕರ ಮಕ್ಕಳಿಗೆ ಮೀಸಲು. ಆ ಕೋಟಾದಡಿ ಬರುವವರು ಬೀಜ, ಬೆಳೆ, ಸಲಕರಣೆಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಎದುರಿಸುತ್ತಾರೆ. ಅಪ್ಪ ಅಮ್ಮನ ಜೊತೆ ಗದ್ದೆಯಲ್ಲಿ ಕಲಿತದ್ದನ್ನು ವಿಶ್ವವಿದ್ಯಾಲಯ ಜ್ಞಾನವೆಂದು ಒಪ್ಪಿಕೊಂಡ ಅಪರೂಪದ ಉದಾಹರಣೆ ಇದು. ಮೈಮುರಿದು ದುಡಿಯುವುದನ್ನು ಜಾತಿಯ ಏಣಿಯಲ್ಲಿ ಕೆಳಗಿಟ್ಟು, ಓದನ್ನು ಅದರಿಂದ ಪಾರಾಗುವ ದಾರಿಯೆಂದೇ ಕಂಡ ಸಮಾಜದಲ್ಲಿ ಈ ಮನ್ನಣೆಗೆ ತೂಕವಿದೆ. ಎಲ್ಲರ ಮಕ್ಕಳೂ ಮಣ್ಣು ಮುಟ್ಟಿ ಕಲಿಯುವ ಒಂದು ಸೆಮಿಸ್ಟರು ಆ ಏಣಿಯನ್ನು ಸ್ವಲ್ಪವಾದರೂ ಅಲುಗಿಸುತ್ತದೆ.

ಮೂರನೆಯದು ದುಡ್ಡಿನ ಆಕ್ಷೇಪ. ಕಲಿಸಲೆಂದೇ ಒಬ್ಬರನ್ನು ಇಟ್ಟುಕೊಳ್ಳಲು ದೊಡ್ಡ ಸಾರ್ವಜನಿಕ ಕಾರ್ಖಾನೆಗೆ ಸಾಧ್ಯವಿತ್ತು, ಪೀಣ್ಯದ ಹತ್ತು ಜನರ ವರ್ಕ್‌ಶಾಪಿಗೆ ಹೇಗೆ ಸಾಧ್ಯ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಸಾಧ್ಯವಾಗದ್ದನ್ನು ಹಂಚಿಕೊಂಡು ಮಾಡುವ ಮಾದರಿ ಇದೇ ಊರಿನಲ್ಲಿದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ, ರಾಜಾಜಿನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಅಂಥದ್ದು. ಕೈಗಾರಿಕೆಗಳಿಗೆ ಬೇಕಾದ ಅಚ್ಚು, ಡೈಗಳನ್ನು ತಯಾರಿಸುತ್ತಲೇ ಅದು ವಿದ್ಯಾರ್ಥಿಗಳಿಗೆ ಕಲಿಸುತ್ತದೆ. ಸಣ್ಣ ಉದ್ದಿಮೆಗಳು ಅಲ್ಲಿಂದ ಕೆಲಸವನ್ನೂ ಪಡೆಯುತ್ತವೆ, ಕುಶಲರನ್ನೂ ಪಡೆಯುತ್ತವೆ. ಇನ್ನು ವಿದ್ಯಾರ್ಥಿಯ ಖರ್ಚಿನ ಮಾತು. ಸಂಬಳವಿಲ್ಲದ ಇಂಟರ್ನ್‌ಶಿಪ್ ಎಂದರೆ ಬಾಡಿಗೆ, ಊಟ, ಬಸ್ ಪಾಸನ್ನು ಮನೆಯವರು ಭರಿಸಬೇಕು. ಸಂಜೆ ದುಡಿದು ಓದುವವರು ಆ ದುಡಿಮೆಯನ್ನೇ ಬಿಡಬೇಕು. ಹಳ್ಳಿಯ ಶಿಬಿರಕ್ಕೆ ಹೊರಟ ಹೆಣ್ಣುಮಕ್ಕಳಿಗೆ ಸುರಕ್ಷಿತ ವಸತಿ, ಶೌಚಾಲಯ ಮೊದಲು ಬೇಕು. ಇವನ್ನು ಕೊಡದೆ ಅನುಭವವನ್ನು ಕಡ್ಡಾಯ ಮಾಡಿದರೆ, ಉಳ್ಳವರಿಗೆ ಒಳ್ಳೆಯ ಜಾಗ, ಇಲ್ಲದವರಿಗೆ ಕೊಂಡ ಪ್ರಮಾಣಪತ್ರ ಎಂದಾಗುತ್ತದೆ. ಅಪ್ರೆಂಟಿಸ್ ಪದ್ಧತಿಯಲ್ಲಿ ಪದವೀಧರರ ಶಿಷ್ಯವೇತನದ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತಾ ಬಂದಿದೆ. ಅದೇ ತತ್ತ್ವ ಓದುತ್ತಿರುವವರ ಇಂಟರ್ನ್‌ಶಿಪ್‌ಗೂ ಸಲ್ಲಬೇಕು.

ಹಾಗಾದರೆ ಮಾಡಬೇಕಾದ್ದೇನು? ಕಡ್ಡಾಯದ ತಿಂಗಳುಗಳನ್ನು ಹೆಚ್ಚಿಸುವ ಮುನ್ನ ವಿಶ್ವವಿದ್ಯಾಲಯಗಳು ತಮ್ಮ ಒಡಂಬಡಿಕೆಯ ನಮೂನೆಯನ್ನು ಬದಲಿಸಬೇಕು. ಕಂಪನಿಯ ಹೆಸರಿನ ಜೊತೆಗೆ ಅಲ್ಲಿ ಕಲಿಸುವವರ ಹೆಸರು, ಅವರ ಅರ್ಹತೆ, ವಾರಕ್ಕೆ ಎಷ್ಟು ಗಂಟೆ ಆ ಕೆಲಸಕ್ಕೆ ಬಿಡುವು ಕೊಡಲಾಗಿದೆ ಎಂಬುದು ಅದರಲ್ಲಿರಬೇಕು. ಅವು ಇಲ್ಲದ ಜಾಗಕ್ಕೆ ವಿದ್ಯಾರ್ಥಿಯನ್ನು ಕಳಿಸಬಾರದು. ಕಾರ್ಯಾನುಭವದ ಹಳ್ಳಿಗಳಲ್ಲಿ ಕಲಿಸುವ ರೈತನಿಗೆ ಗೌರವಧನವೂ ಮೌಲ್ಯಮಾಪನದಲ್ಲಿ ದನಿಯೂ ಸಿಗಬೇಕು, ಶಿಬಿರದ ಅವಧಿ ಒಂದು ಬೆಳೆಯ ಅವಧಿಗೆ ಹೊಂದಬೇಕು. ವಿದ್ಯಾರ್ಥಿ ಬರೆಯುವ ವರದಿಯಲ್ಲಿ ಎಷ್ಟು ದಿನ ಹಾಜರಿದ್ದೆ ಎಂಬುದಕ್ಕಿಂತ, ಪುಸ್ತಕದಲ್ಲಿ ಓದಿದ ಯಾವ ಮಾತು ಅಲ್ಲಿ ಸುಳ್ಳಾಯಿತು, ಯಾವುದು ನಿಜವಾಯಿತು, ಏಕೆ ಎಂಬುದಕ್ಕೆ ಅಂಕ ಸಿಗಬೇಕು. ಇದರಿಂದ ಇಂಟರ್ನ್‌ಶಿಪ್‌ಗಳ ಸಂಖ್ಯೆ ಕೆಲವು ವರ್ಷ ಇಳಿಯಬಹುದು. ಇಳಿಯಲಿ. ಹೆಬ್ಬಾಳದಲ್ಲಿ ಶಾಲೆ ಕಟ್ಟಿದವರು ಮೊದಲು 14 ವರ್ಷ ಹೊಲವನ್ನು ಸಿದ್ಧಮಾಡಿಕೊಂಡರು, ಆಮೇಲೆ ವಿದ್ಯಾರ್ಥಿಗಳನ್ನು ಕರೆದರು. ಕಲಿಸುವವರನ್ನು ಮೊದಲು ಸಿದ್ಧಮಾಡಿಕೊಳ್ಳುವ ಆ ತಾಳ್ಮೆ ನಮಗೂ ಬಂದರೆ, ಕೆಲಸಕ್ಕೆ ಹೋದ ವಿದ್ಯಾರ್ಥಿ ಕಲಿತು ಬರುವುದು ಅದೃಷ್ಟದ ಮಾತಾಗಿ ಉಳಿಯದೆ ಅವರ ಹಕ್ಕಾಗುತ್ತದೆ.